ಜೆಡ್4 ಹಿಂದಿನ ಟೈರ್ ಒಳಗಡೆ ಮಾತ್ರ ಸವೆದಿದೆ: ಮತ್ತೆ ರನ್‌ಫ್ಲಾಟೇ ಹಾಕಿಸಲಾ, ಮಾಮೂಲಿ ಹಾಕಿಸಲಾ?

ರೂಫ್_ಇಳಿಸಿ

ಎಲ್ಲರಿಗೂ ನಮಸ್ಕಾರ. ಗಾಡಿ 2011ರ ಬಿಎಂಡಬ್ಲ್ಯು ಜೆಡ್4, ಇ89, 35ಐ. ಸೆಕೆಂಡ್ ಹ್ಯಾಂಡ್. ನನ್ನ ಕೈಗೆ ಬಂದು ಒಂದೂವರೆ ವರ್ಷ. ಇರುವುದು ಬೆಂಗಳೂರಿನಲ್ಲಿ. ಭಾನುವಾರ ಬೆಳಗ್ಗೆ ನಂದಿ ಕಡೆ, ತಿಂಗಳಿಗೊಮ್ಮೆ ಮೈಸೂರು, ವರ್ಷಕ್ಕೆ ಎರಡು ಸಲ ಶಿರಾಡಿ ಇಳಿದು ಮಂಗಳೂರು. ಅಷ್ಟೇ ಓಡಾಟ.

ತೊಂದರೆ ಮೂರಿವೆ. ರಸ್ತೆಯಲ್ಲಿ ಉದ್ದ ಗೀರು ಸಿಕ್ಕರೆ ಸ್ಟೇರಿಂಗ್ ನನ್ನ ಮಾತು ಬಿಟ್ಟು ಆ ಗೀರಿನ ಮಾತು ಕೇಳುತ್ತದೆ. 90 ದಾಟಿದರೆ ಸೀಟಿನ ಕೆಳಗೆ ನಡುಕ. ಕಳೆದ ವಾರ ಮಳೆಯಲ್ಲಿ ಫ್ಲೈಓವರ್ ತಿರುವಿನಲ್ಲಿ ಹಿಂಭಾಗ ಜಾರಿ ಎದೆ ಝಲ್ ಅಂತು. ಹೊರಗಿನಿಂದ ನೋಡಿದರೆ ಟೈರಿನ ಬಟನ್ (ರಸ್ತೆಗೆ ತಾಗುವ ರಬ್ಬರ್ ಗುಬ್ಬಿ) ಚೆನ್ನಾಗಿಯೇ ಇದೆ!

ನಾಲ್ಕೂ ರನ್‌ಫ್ಲಾಟ್, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್. ಮುಂದೆ 225/40 ಆರ್18, ಹಿಂದೆ 255/35 ಆರ್18. ಒಂದು ಟೈರ್ ಅಂಗಡಿಯಲ್ಲಿ ಕೇಳಿದೆ. "255 ಸಿಗಲ್ಲ ಸಾರ್. ಹಿಂದಕ್ಕೆ 245/40 ಹಾಕಿಬಿಡಿ, ಏನೂ ಆಗಲ್ಲ. ಮುಂದಿನದು ಇನ್ನೂ ಎರಡು ವರ್ಷ ಬರುತ್ತೆ" ಅಂದರು. ಹಾಕಿಸಬಹುದಾ?

ಪಾನಾ_ಹದಿನೇಳು

ಸದ್ಯಕ್ಕೆ ಪರ್ಸ್ ಒಳಗಿಡಿ. ಮೊದಲು ಗಾಡಿ ಎತ್ತಿಸಿ ಮೂರು ಫೋಟೋ ಹಾಕಿ. ಹಿಂದಿನ ಟೈರಿನ ಒಳ ಅಂಚು. ನಾಲ್ಕೂ ಟೈರಿನ ಪಕ್ಕದಲ್ಲಿ ಡಾಟ್ (DOT) ಸಾಲಿನ ಕೊನೆಯ ನಾಲ್ಕು ಅಂಕಿ, ಟೈರ್ ತಯಾರಾದ ವಾರ ಮತ್ತು ವರ್ಷ ಅದು. ರಿಮ್ಮಿನ ಒಳ ತುಟಿ, ಸುತ್ತಲೂ.

ನಿಂತ ಗಾಡಿಯನ್ನು ಹೊರಗಿನಿಂದ ನೋಡಿ ಟೈರ್ ಚೆನ್ನಾಗಿದೆ ಅನ್ನುವುದು ಹಲ್ಲು ನೋಡದೆ ಎತ್ತು ಕೊಂಡ ಹಾಗೆ.

ರೂಫ್_ಇಳಿಸಿ

ಎತ್ತಿಸಿದೆ. ನೋಡಿ ಕೈಕಾಲು ತಣ್ಣಗಾಯಿತು. ಹಿಂದಿನ ಎಡ ಟೈರಿನ ಒಳ ಅಂಚಿನಲ್ಲಿ ಎರಡು ಬೆರಳಗಲ ಪೂರ್ತಿ ಬೋಳು, ಒಂದು ಕಡೆ ತಂತಿ ಇಣುಕುತ್ತಿದೆ. ಬಲಗಡೆಯದು ಅಷ್ಟು ಕೆಟ್ಟಿಲ್ಲ. ಹೊರ ಅಂಚಿನಲ್ಲಿ ಎರಡಕ್ಕೂ 4 ಮಿ.ಮೀ. ಇದೆ. ಅಂಕಿಗಳು ಹಿಂದೆ 0819, ಮುಂದೆ 3515. ಮುಂದಿನದರಲ್ಲಿ 5 ಮಿ.ಮೀ. ಉಳಿದಿದೆ, ಆದರೆ ಪಕ್ಕದಲ್ಲಿ ಕೂದಲೆಳೆ ಬಿರುಕುಗಳು.

ಪಾನಾ_ಹದಿನೇಳು

ಮಳೆಯಲ್ಲಿ ಯಾಕೆ ಜಾರಿತು ಅಂತ ಗೊತ್ತಾಯಿತಲ್ಲ. ಕಾನೂನಿನ ಮಿತಿ 1.6 ಮಿ.ಮೀ., ನಿಮ್ಮದು ಒಳಗಡೆ ಸೊನ್ನೆಗೂ ಕೆಳಗೆ. ಇನ್ನು ಅಂಗಡಿಗೆ ಹೋಗುವುದಕ್ಕೂ ಓಡಿಸಬೇಡಿ, ಫ್ಲಾಟ್‌ಬೆಡ್ ಮೇಲೆ ಕಳಿಸಿ.

3515 ಅಂದರೆ 2015ರ 35ನೇ ವಾರ, ಅಂದರೆ ಆಗಸ್ಟ್ ಕೊನೆ. ಐದು ವರ್ಷ ಆದಮೇಲೆ ವರ್ಷಕ್ಕೊಮ್ಮೆ ತೋರಿಸಿ, ಹತ್ತಾದರೆ ಬಟನ್ ಇದ್ದರೂ ತೆಗೆಯಿರಿ ಅಂತ ಮಿಶೆಲಿನ್‌ನವರೇ ಹೇಳುತ್ತಾರೆ. ಜಾಸ್ತಿ ಓಡದ ಗಾಡಿಗಳಲ್ಲಿ ಟೈರ್ ಸವೆದು ಸಾಯುವುದಿಲ್ಲ, ಒಣಗಿ ಸಾಯುತ್ತದೆ. ಹಾಗಾಗಿ ಮುಂದಿನ ಎರಡೂ ಹೋಗಲಿ. ನಾಲ್ಕೂ ಒಟ್ಟಿಗೆ, ಒಂದೇ ಕಂಪನಿಯ ಒಂದೇ ಮಾಡೆಲ್. ಆಗ ಬೇರೆ ಬೇರೆ ಟೈರ್ ಬೆರೆಸಿದ ಗೊಂದಲವೂ ಇರುವುದಿಲ್ಲ.

ಆದರೆ ಟೈರಿಗಿಂತ ಮೊದಲು ಕಾರಣ ಹಿಡಿಯಿರಿ. ಈ ಗಾಡಿಯ ಹಿಂದಿನ ಚಕ್ರಗಳು ಮೇಲ್ಭಾಗದಲ್ಲಿ ಸ್ವಲ್ಪ ಒಳಕ್ಕೆ ವಾಲಿರುವಂತೆ ಕಂಪನಿಯೇ ಮಾಡಿರುತ್ತದೆ. ಕ್ಯಾಂಬರ್ ಅಂತ ಎಲ್ಲರೂ ಅದನ್ನೇ ಬೈಯುತ್ತಾರೆ. ಕ್ಯಾಂಬರ್ ಒಂದೇ ಆದರೆ ಟೈರ್ ಹೀಗೆ ತಂತಿ ಬರುವಷ್ಟು ಹೋಗುವುದಿಲ್ಲ. ಟೋ ತಪ್ಪಿರಬೇಕು. ಅಂದರೆ ಚಕ್ರ ನೇರ ನೋಡುವುದು ಬಿಟ್ಟು ಓರೆಗಣ್ಣಲ್ಲಿ ನೋಡುತ್ತಿದೆ. ಪ್ರತಿ ಸುತ್ತಿಗೂ ರಬ್ಬರ್ ರಸ್ತೆಗೆ ಉಜ್ಜುತ್ತದೆ, ವಾಲಿರುವುದರಿಂದ ಉಜ್ಜುವ ಭಾರವೆಲ್ಲ ಒಳ ಅಂಚಿಗೆ. ಎಡಗಡೆ ಜಾಸ್ತಿ ಹೋಗಿದೆ ಅಂದರೆ ಎಡಗಡೆ ಹಿಂದಿನ ಬುಷ್‌ಗಳನ್ನೂ (ಸಸ್ಪೆನ್ಷನ್ ಕೀಲುಗಳ ರಬ್ಬರ್) ಕಬ್ಬಿಣದ ಸಲಾಕೆ ಹಾಕಿ ಮೀಟಿ ನೋಡಲಿ. ಸತ್ತ ಬುಷ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಮೊದಲ ಹಂಪ್‌ಗೆ ಎಲ್ಲ ಹೋಯಿತು.

ಅಲೈನ್‌ಮೆಂಟ್ ನಾಲ್ಕೂ ಚಕ್ರಕ್ಕೆ. ಸೀಟಿನ ಮೇಲೆ ತೂಕ ಇಟ್ಟು ಮಾಡಬೇಕು ಅಂತ ಬಿಎಂಡಬ್ಲ್ಯು ವಿಧಾನದಲ್ಲೇ ಇದೆ. "ಮುಂದಿನದು ಮಾಡಿದ್ದೀವಿ ಸಾರ್, ಹಿಂದಿನದು ಅಡ್ಜಸ್ಟ್ ಆಗಲ್ಲ" ಅಂದವರಿಗೆ ನಮಸ್ಕಾರ ಹೇಳಿ ಹೊರಗೆ ಬನ್ನಿ. ಹಿಂದಿನದೂ ಆಗುತ್ತದೆ.

ಗುಂಡಿ_ಗಣಿತ

245/40 ವಿಷಯಕ್ಕೆ ನಾನು ಬರುತ್ತೇನೆ, ಲೆಕ್ಕ ನನ್ನ ಚಟ.

225/40 ಅಂದರೆ ಟೈರಿನ ಅಗಲ 225 ಮಿ.ಮೀ., ಪಕ್ಕದ ಎತ್ತರ ಅದರ ಶೇ. 40, ಅಂದರೆ 90. ಮೇಲೆ 90, ಕೆಳಗೆ 90, ನಡುವೆ 18 ಇಂಚಿನ ರಿಮ್ 457. ಒಟ್ಟು 637 ಮಿ.ಮೀ. ಹಿಂದಿನ 255/35 ಇದೇ ಲೆಕ್ಕದಲ್ಲಿ 636. ಅಗಲ ಬೇರೆ, ಎತ್ತರ ಹೆಚ್ಚುಕಮ್ಮಿ ಒಂದೇ. ಅದು ಆಕಸ್ಮಿಕ ಅಲ್ಲ. ಈಗ 245/40 ಹಾಕಿ: 653. ಹಿಂದಿನ ಚಕ್ರ ಮುಂದಿನದಕ್ಕಿಂತ 16 ಮಿ.ಮೀ. ದೊಡ್ಡದು, ಶೇ. 2.5.

ಆದರೇನಂತೆ ಅಂತೀರಾ? ಚಕ್ರ ಜಾರುತ್ತಿದೆಯೋ ಇಲ್ಲವೋ ಅಂತ ಡಿಎಸ್‌ಸಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ತಿಳಿಯುವುದೇ ನಾಲ್ಕು ಚಕ್ರಗಳ ವೇಗ ಹೋಲಿಸಿ. ದೊಡ್ಡ ಚಕ್ರ ಯಾವಾಗಲೂ ನಿಧಾನಕ್ಕೆ ತಿರುಗುತ್ತದೆ. ಹಿಂದಿನ ಚಕ್ರ ನಿಜವಾಗಿ ಜಾರಲು ಶುರು ಮಾಡಿದರೂ ಮೊದಲ ಶೇ. 2.5 ಜಾರಿಕೆ ಈ ವ್ಯತ್ಯಾಸದಲ್ಲೇ ಮುಚ್ಚಿಹೋಗುತ್ತದೆ. ಮಳೆಯಲ್ಲಿ, ಹಿಂದಿನ ಚಕ್ರ ಎಳೆಯುವ 300 ಕುದುರೆಯ ಗಾಡಿಯಲ್ಲಿ. ಬೇಕಾ ಇದು?

255 ನಿಜಕ್ಕೂ ಸಿಗದಿದ್ದರೆ ನಾಲ್ಕಕ್ಕೂ 225/40 ಹಾಕುವುದು 245/40ಗಿಂತ ಎಷ್ಟೋ ವಾಸಿ. ಹಿಂದಿನ ಎಂಟೂವರೆ ಇಂಚಿನ ರಿಮ್ಮಿಗೆ ಅದು ಕೂರುತ್ತದೆ. ಆದರೆ ಹಿಂದಿನ ಹಿಡಿತ ಕಮ್ಮಿಯಾಗಿ ಗಾಡಿಯ ಸ್ವಭಾವವೇ ಬದಲಾಗುತ್ತದೆ. ನಾನಾದರೆ ಕಾಯುತ್ತೇನೆ.

ರೂಫ್_ಇಳಿಸಿ

ಥ್ಯಾಂಕ್ಸ್. 245 ಆಸೆ ಬಿಟ್ಟೆ. ಈಗ ಮುಖ್ಯ ಪ್ರಶ್ನೆ. ರನ್‌ಫ್ಲಾಟಾ, ಮಾಮೂಲಿಯಾ? ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲ, ರೂಫ್ ಮಡಿಸಿದರೆ ಒಂದು ಬ್ಯಾಗ್ ಇಡುವುದೇ ಕಷ್ಟ.

ಮಲೆನಾಡ_ಮಳೆ

ಕಣ್ಣುಮುಚ್ಚಿ ರನ್‌ಫ್ಲಾಟ್. ರಾತ್ರಿ ಒಂಬತ್ತಕ್ಕೆ ಆಗುಂಬೆ ಹತ್ತುವಾಗ ನನ್ನ ಗಾಡಿಗೆ ಮೊಳೆ ಹೊಕ್ಕಿತ್ತು. ಜಡಿಮಳೆ, ಮೊಬೈಲಿನಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲ. ಗಾಳಿ ಪೂರ್ತಿ ಹೋದರೂ 80ರ ವೇಗದ ಒಳಗೆ 80 ಕಿ.ಮೀ. ಹೋಗಬಹುದು. ನಾನು 40ರಲ್ಲಿ ಉರುಳಿಸಿಕೊಂಡು ತೀರ್ಥಹಳ್ಳಿ ಮುಟ್ಟಿದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಓಡಿಸುವವರು ಏನು ಬೇಕಾದರೂ ಹೇಳಲಿ.

ಪಾನಾ_ಹದಿನೇಳು

ಒಪ್ಪಿದೆ, ನಿಮ್ಮ ರಸ್ತೆಗೆ ಅದೇ ಸರಿ. ಆದರೆ ಆ ಟೈರನ್ನು ಆಮೇಲೆ ಪಂಕ್ಚರ್ ಹಾಕಿಸಿ ಮತ್ತೆ ಓಡಿಸಿಲ್ಲ ತಾನೇ? ಗಾಳಿಯಿಲ್ಲದೆ ಓಡಿದ ರನ್‌ಫ್ಲಾಟಿನ ಪಕ್ಕ ಒಳಗೇ ಬೆಂದಿರುತ್ತದೆ, ಹೊರಗೆ ಕಾಣುವುದಿಲ್ಲ.

ಬೆಂಗಳೂರಿನ ಲೆಕ್ಕ ಬೇರೆ. ರನ್‌ಫ್ಲಾಟಿನ ಪಕ್ಕ ದಪ್ಪ, ಗಟ್ಟಿ. ಗಾಳಿ ಇಲ್ಲದಾಗ ಗಾಡಿಯ ಭಾರ ಹೊರುವ ಆ ಗುಣವೇ ಗುಂಡಿಗೆ ಬಿದ್ದಾಗ ಶತ್ರು. ಪೆಟ್ಟು ಟೈರಿನಲ್ಲಿ ಕರಗದೆ ನೇರ ರಿಮ್ಮಿಗೆ ಹೋಗುತ್ತದೆ. ನಿಮ್ಮ 90ರ ನಡುಕ ಬ್ಯಾಲೆನ್ಸಿಂಗ್ ಅಲ್ಲ, ಬಾಗಿದ ರಿಮ್ ಅಂತ ನನ್ನ ಅನುಮಾನ. ಟೈರ್ ಬಿಚ್ಚಿದ ಮೇಲೆ ಬರೀ ರಿಮ್ಮನ್ನು ಮಷಿನ್ನಿನಲ್ಲಿ ತಿರುಗಿಸಿ ನೋಡಿ. ಗೀರಿನ ಹಿಂದೆ ಸ್ಟೇರಿಂಗ್ ಹೋಗುವುದಕ್ಕೂ ಅರ್ಧ ಕಾರಣ ಈ ಗಟ್ಟಿ ಪಕ್ಕವೇ.

ನನ್ನ ಸಲಹೆ ಮಾಮೂಲಿ ಟೈರ್. ಜೊತೆಗೆ ಕಂಪ್ರೆಸರ್, ಸೀಲೆಂಟ್ ಬಾಟಲಿ, ಟೋಯಿಂಗ್ ನಂಬರ್. ಟೈರಿನ ಮೈಯಲ್ಲಿ ಮೊಳೆ ಆದರೆ ಕಿಟ್ ಸಾಕು. ಪಕ್ಕ ಹರಿದರೆ ಕಿಟ್ ಉಪಯೋಗವಿಲ್ಲ, ಫ್ಲಾಟ್‌ಬೆಡ್ಡೇ ಗತಿ. ಇದನ್ನು ಒಪ್ಪಿಕೊಂಡು ಹಾಕಿಸಿ, ಆಮೇಲೆ ನನ್ನ ಬೈಯಬೇಡಿ. ಮುಂದೆ ಒಂದು ಜಾತಿ, ಹಿಂದೆ ಒಂದು ಜಾತಿ ಮಾತ್ರ ಬೇಡವೇ ಬೇಡ.

ಮಂಡ್ಯ_ಮ್ಯೂನಿಕ್

ನನ್ನದೂ ಇದೇ ಗಾಡಿ, ಇಲ್ಲಿ ಜರ್ಮನಿಯಲ್ಲಿ. ಮಾಮೂಲಿ ಹಾಕಿಸಿದ ದಿನ ಇದು ನನ್ನ ಗಾಡೀನೇನಾ ಅನ್ನಿಸಿತು. ಬಿಎಂಡಬ್ಲ್ಯು ಒಪ್ಪಿದೆ ಅನ್ನುವ ನಕ್ಷತ್ರದ ಗುರುತು ಇರುವ ಟೈರೇ ಬೇಕು ಅಂತ ಅಲ್ಲಿ ಹೆದರಿಸುತ್ತಾರೆ. ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಗುಂಡಿ_ಗಣಿತ

ಕೊಳ್ಳುವಾಗ ಎರಡು ಮಾತು. ಮಾಮೂಲಿ ಟೈರಿನಲ್ಲಿ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವಂಥದ್ದು) ಬರಹ ಇರುವುದನ್ನೇ ತಗೊಳ್ಳಿ. ಸೈಜಿನ ಪಕ್ಕ ಇರುವ ಭಾರದ ಅಂಕಿ ಮುಂದೆ 92 ಅಂದರೆ ಒಂದು ಟೈರ್ 630 ಕಿಲೋ ಹೊರುತ್ತದೆ, ಹಿಂದೆ 94 ಅಂದರೆ 670. ವೇಗದ ಅಕ್ಷರ ಡಬ್ಲ್ಯು ಅಥವಾ ವೈ. 250ರಲ್ಲಿ ಯಾರು ಓಡಿಸ್ತಾರೆ ಅಂತ ಕಮ್ಮಿ ಅಕ್ಷರಕ್ಕೆ ಇಳಿಯಬೇಡಿ, ಶಾಖ ತಡೆಯುವ ಶಕ್ತಿಯೂ ಅದರಲ್ಲೇ ಇರುವುದು.

ಇನ್ನೊಂದು, 2020ರ ಜೂನ್‌ನಿಂದ ಹೊಸ ಟೈರ್ ಆಮದಿಗೆ ಸರ್ಕಾರದ ಪರವಾನಗಿ ಬೇಕು. ಅದಕ್ಕೇ ಇಂಥ ಸೈಜಿಗೆ ಪರದಾಟ. ಮುಂದಿನ 225/40 ಎಷ್ಟೋ ಗಾಡಿಗಳಿಗೆ ಬರುವ ಸೈಜು, ಎಲ್ಲಾದರೂ ಸಿಗುತ್ತದೆ. ಹಾಗಾಗಿ ಮೊದಲು ಹಿಂದಿನ 255/35 ಯಾವ ಮಾಡೆಲ್ಲಿನಲ್ಲಿ ಸಿಗುತ್ತದೆ ನೋಡಿ, ಆಮೇಲೆ ಮುಂದಕ್ಕೆ ಅದನ್ನೇ ಹುಡುಕಿ. ಉಲ್ಟಾ ಮಾಡಿದವರು ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ನನ್ನನ್ನೂ ಸೇರಿಸಿ. ಐಎಸ್‌ಐ ಗುರುತು ನೋಡಿ. ಇಲ್ಲದಿದ್ದರೆ ಅದು ಹಿಂಬಾಗಿಲಿನಿಂದ ಬಂದ ಮಾಲು.

ಮಾಡೆಲ್? ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಅಥವಾ 5 ಸಿಕ್ಕರೆ ಯೋಚನೆಯೇ ಬೇಡ. ಇಲ್ಲದಿದ್ದರೆ ಕಾಂಟಿನೆಂಟಲ್ ಮ್ಯಾಕ್ಸ್‌ಕಾಂಟ್ಯಾಕ್ಟ್. ಟ್ರ್ಯಾಕಿನ ಅರೆ-ಬೋಳು ಟೈರುಗಳ ಕಡೆ ತಿರುಗಿಯೂ ನೋಡಬೇಡಿ. ಶಿರಾಡಿಯಲ್ಲಿ ಜುಲೈ ತಿಂಗಳು ಹೇಗಿರುತ್ತದೆ ಗೊತ್ತಲ್ಲ.

ರೂಫ್_ಇಳಿಸಿ

ಮೂರು ವಾರದ ನಂತರ ವರದಿ.

ಪಾನಾ ಅವರ ಬಾಯಿಗೆ ಸಕ್ಕರೆ. ಎರಡು ರಿಮ್ ಬಾಗಿದ್ದವು. ಮುಂದಿನ ಬಲದ್ದನ್ನು ನೇರ ಮಾಡಿದರು. ಹಿಂದಿನ ಎಡದ್ದರ ಒಳ ತುಟಿಯಲ್ಲಿ ಉಗುರುದ್ದ ಬಿರುಕು. ವೆಲ್ಡ್ ಮಾಡಿಕೊಡ್ತೀವಿ ಅಂದರು, ನಾನು ಒಪ್ಪಲಿಲ್ಲ. ಬೇರೆ ರಿಮ್ ಹುಡುಕುವುದರಲ್ಲೇ ಎರಡು ವಾರ ಹೋಯಿತು. ಎಡಗಡೆ ಹಿಂದಿನ ಒಂದು ಬುಷ್ ಹರಿದಿತ್ತು, ಅದೂ ಆಯಿತು. ಅಲೈನ್‌ಮೆಂಟ್ ಪ್ರಿಂಟಿನಲ್ಲಿ ಹಿಂದಿನ ಎಡ ಟೋ ಮೊದಲು ಕೆಂಪು, ಈಗ ಹಸಿರು.

ಟೈರ್ ನಾಲ್ಕೂ ಪೈಲಟ್ ಸ್ಪೋರ್ಟ್ 4, ಮಾಮೂಲಿ. ಬೋಲ್ಟುಗಳನ್ನು ಏರ್ ಗನ್ನಿನಲ್ಲಿ ಬಿಗಿಯಲು ಬಿಡದೆ ಟಾರ್ಕ್ ಪಾನಾದಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿಸಿದೆ. ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. ನಡುಕ ಇಲ್ಲ. ಗೀರಿನ ಕಾಟ ಮುಕ್ಕಾಲು ಪಾಲು ಹೋಗಿದೆ. ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೊದಲಿನ ಚುರುಕು ಒಂದು ಕೂದಲಷ್ಟು ಕಮ್ಮಿ ಅನ್ನಿಸಿತು, ಸುಳ್ಳು ಹೇಳಲ್ಲ. ಆದರೆ ಒಂದೇ ಒಂದು ಸಮಸ್ಯೆ. ನಿನ್ನೆ ಗಾಳಿ ಕಮ್ಮಿ ಅಂತ ದೀಪ ಹತ್ತಿತು. ನೋಡಿದರೆ ನಾಲ್ಕರಲ್ಲೂ ಸರಿಯಾಗಿದೆ.

ಪಾನಾ_ಹದಿನೇಳು

ಹೊಸ ಟೈರ್ ಹಾಕಿದ ಮೇಲೆ ರೀಸೆಟ್ ಮಾಡಿದಿರಾ? ನಿಮ್ಮದರಲ್ಲಿ ಗಾಳಿ ಅಳೆಯುವ ಸೆನ್ಸರ್ ಇಲ್ಲ. ಚಕ್ರ ತಿರುಗುವ ವೇಗದಲ್ಲೇ ಅಂದಾಜು ಮಾಡುತ್ತದೆ. ಹಳೆ ಟೈರಿನ ಸುತ್ತಳತೆ ಇನ್ನೂ ಅದರ ತಲೆಯಲ್ಲಿದೆ. ಗಾಳಿಯನ್ನು ಬಾಗಿಲ ಅಂಚಿನ ಸ್ಟಿಕ್ಕರ್ ಪ್ರಕಾರ, ಟೈರ್ ತಣ್ಣಗಿರುವಾಗ ಹಾಕಿ. ಮೆನುವಿನಲ್ಲಿ ರೀಸೆಟ್ ಕೊಟ್ಟು ಸ್ವಲ್ಪ ದೂರ ಓಡಿಸಿ. ಮತ್ತೆ ಮೊದಲ 200–300 ಕಿ.ಮೀ. ಮೆತ್ತಗೆ, ಹೊಸ ರಬ್ಬರ್ ಮೇಲಿನ ಜಿಡ್ಡು ಹೋಗುವವರೆಗೆ.

ರೂಫ್_ಇಳಿಸಿ

ರೀಸೆಟ್ ಆಯಿತು, ದೀಪ ಆರಿತು! ಮುಂದಿನ ಎರಡು ಹಳೆ ಟೈರ್ ಹಾಗೇ ಇವೆ. 5 ಮಿ.ಮೀ. ಬಟನ್ ಇದೆಯಲ್ಲ, ಯಾರಿಗಾದರೂ ಬೇಕಾ?

ಪಾನಾ_ಹದಿನೇಳು

ಯಾರಿಗೂ ಕೊಡಬೇಡಿ. ಮಕ್ಕಳಿಗೆ ಉಯ್ಯಾಲೆ ಕಟ್ಟಿ.

ಮಲೆನಾಡ_ಮಳೆ

ರನ್‌ಫ್ಲಾಟ್ ಉಯ್ಯಾಲೆ ಅಲ್ವಾ, ಹಗ್ಗ ಹರಿದರೂ 80 ಕಿ.ಮೀ. ಹೋಗುತ್ತೆ.