ಸೋರಿಯಾಸಿಸ್‌ಗೆ ಲೈಟ್ ಟ್ರೀಟ್‌ಮೆಂಟ್: ಮಲ್ಪೆ ಬಿಸಿಲು ಸಾಕಾಗುವುದಿಲ್ವಾ?

ಕಾಪು_ಕಡಲು:
ಅಪ್ಪನಿಗೆ ಸೋರಿಯಾಸಿಸ್. ಮೊಣಕೈ, ಬೆನ್ನು, ಕಾಲು ಎಲ್ಲಾ ಕಡೆ ಕೆಂಪು ಕಲೆ, ಮೇಲೆ ಬಿಳಿ ಹೊಟ್ಟು. ಬೆಳಿಗ್ಗೆ ಚಾಪೆ ಕೊಡವಿದರೆ ಉದುರುತ್ತದೆ. ಮುಲಾಮು ಹಚ್ಚಿ ಸಾಕಾಗಿದೆ. ಉಡುಪಿಯ ಡಾಕ್ಟ್ರು ಲೈಟ್ ಕೊಡುವ, ವಾರಕ್ಕೆ ಮೂರು ಸಲ ಬನ್ನಿ ಅಂದಿದ್ದಾರೆ. ಅಪ್ಪ ಕೇಳುವುದು, "ಬಿಸಿಲಿಗೆ ಯಾರಾದ್ರೂ ದುಡ್ಡು ಕೊಡ್ತಾರಾ? ಮಲ್ಪೆಯಲ್ಲಿ ಅಂಗಿ ಬಿಚ್ಚಿ ನಿಂತರೆ ಆಯ್ತು." ಕ್ಯಾನ್ಸರ್ ಬರುತ್ತದೆ ಅಂತ ಪಕ್ಕದ ಮನೆಯವರು ಬೇರೆ ಹೆದರಿಸಿದ್ದಾರೆ. ಗೊತ್ತಿದ್ದವರು ಹೇಳಿ.

ಪಣಂಬೂರು_ಟ್ಯೂಬ್‌ಲೈಟ್:
ಮಂಗಳೂರಿನಲ್ಲಿ ಈ ಲೈಟ್ ಕೊಡುವುದೇ ನನ್ನ ಕೆಲಸ. ಅಪ್ಪನಂಥವರು ದಿನಾ ಬರುತ್ತಾರೆ ಮಾರಾಯ್ರೆ.

ಸೋರಿಯಾಸಿಸ್‌ನಲ್ಲಿ ಚರ್ಮಕ್ಕೆ ವಿಪರೀತ ಅವಸರ. ತಿಂಗಳಲ್ಲಿ ಆಗಬೇಕಾದ ಬೆಳವಣಿಗೆ ವಾರದೊಳಗೆ ಮುಗಿಯುತ್ತದೆ, ಅದೇ ಹೊಟ್ಟು. ಹಿಂದೆ ನಿಂತು ತಳ್ಳುವವರು ಟಿ ಕೋಶಗಳು, ಅಂದರೆ ನಮ್ಮದೇ ರಕ್ಷಣೆಯ ಬಿಳಿ ರಕ್ತಕಣ. ನಾವು ಕೊಡುವ ಲೈಟ್ ಅಂದರೆ ಯುವಿಬಿ, ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನ ಒಂದು ಬಗೆ. ಅದನ್ನು ಕೋಶದ ಡಿಎನ್‌ಎ ಹೀರಿಕೊಳ್ಳುತ್ತದೆ. ಆಗ ಚರ್ಮದ ಕೋಶ ಒಡೆದು ಹೆಚ್ಚುವುದು ನಿಧಾನ ಆಗುತ್ತದೆ, ಅಲ್ಲಿ ಸೇರಿಕೊಂಡ ಟಿ ಕೋಶಗಳು ಸಾಯುತ್ತವೆ. ಉರಿಯೂತ ಇಳಿಯುತ್ತದೆ.

ಬಿಸಿಲಲ್ಲೂ ಯುವಿಬಿ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಅದರಲ್ಲಿ ಗುಣ ಮಾಡುವ ಅಲೆಗಳ ಪಟ್ಟಿ ಸಣ್ಣದು. ನಮ್ಮ ಟ್ಯೂಬ್ ಕೊಡುವುದು ಹೆಚ್ಚುಕಡಿಮೆ 311 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಮಾತ್ರ. 290ಕ್ಕಿಂತ ಕೆಳಗಿನ ಅಲೆ ಸುಡುತ್ತದೆ, ಸೋರಿಯಾಸಿಸ್ ಇಳಿಸುವುದಿಲ್ಲ. ಇದನ್ನು 1981ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಮತ್ತೆ ಮಲ್ಪೆಯಲ್ಲಿ ಹತ್ತು ಗಂಟೆಯ ಬಿಸಿಲು ಬೇರೆ, ಮಧ್ಯಾಹ್ನದ್ದು ಬೇರೆ, ಜುಲೈಯಲ್ಲಿ ಕೇಳುವುದೇ ಬೇಡ. ಅಳತೆ ಎಲ್ಲಿಂದ? ಇಲ್ಲಿ ಸೆಕೆಂಡ್ ಲೆಕ್ಕ. ಕಡಿಮೆಯಿಂದ ಶುರು, ಚರ್ಮ ತಡೆದುಕೊಂಡ ಹಾಗೆ ಪ್ರತಿ ಸಲ ಸ್ವಲ್ಪ ಜಾಸ್ತಿ. ಇಪ್ಪತ್ತು ಮೂವತ್ತು ಸಲ ಆಗುವಾಗ ಹೆಚ್ಚಿನವರಿಗೆ ವ್ಯತ್ಯಾಸ ಕಾಣುತ್ತದೆ.

ಒಂದು ವಿಷಯ ಅಪ್ಪನಿಗೆ ಖಂಡಿತ ಹೇಳಿ: ದಿನಾ ಒಂದೇ ಅಳತೆಯ ಚಡ್ಡಿ. ಹದಿನೈದನೇ ಸಲ ಗಿಡ್ಡ ಚಡ್ಡಿ ಹಾಕಿಕೊಂಡು ಬಂದರೆ, ಅಲ್ಲಿಯವರೆಗೆ ಬೆಳಕೇ ಕಾಣದ ತೊಡೆಗೆ ಒಮ್ಮೆಲೇ ಪೂರ್ತಿ ಡೋಸ್. ಸಂಜೆ ಉರಿ ಶುರು. ಕ್ಷೌರ ಮಾಡಿಸಿ ಬಂದರೂ ಕುತ್ತಿಗೆಯ ಹಿಂದೆ ಅದೇ ಕತೆ.

ಕುಂದಾಪ್ರ_ಲೈನ್‌ಬಸ್:
ನಾನು ತಗೊಂಡವ. ಒಳಗೆ ಸುತ್ತ ಉದ್ದುದ್ದ ಟ್ಯೂಬ್, ನೀಲಿ ಬೆಳಕು, ಕಣ್ಣಿಗೆ ಕಪ್ಪು ಕನ್ನಡಕ. ನೋವಿಲ್ಲ. ಮೈ ಒಣಗುತ್ತದೆ, ಬಣ್ಣ ಕಪ್ಪಾಗುತ್ತದೆ. ಮದುವೆ ಮನೆಯಲ್ಲಿ "ಗಲ್ಫಿಗೆ ಹೋಗಿದ್ಯಾ" ಅಂತ ಕೇಳಿದ್ರು! ನಿಲ್ಲಿಸಿದ ಮೇಲೆ ಬಣ್ಣ ಮೊದಲಿನ ಹಾಗೆ ಆಯ್ತು. ಕಲೆ ಒಂದು ವರ್ಷ ಬರಲಿಲ್ಲ, ಈಗ ಮೊಣಕೈಯಲ್ಲಿ ಸ್ವಲ್ಪ ತಲೆ ಎತ್ತಿದೆ. ಕಷ್ಟ ಅಂದರೆ ಓಡಾಟ. ವಾರಕ್ಕೆ ಮೂರು ಸಲ ರಜೆ ಯಾವ ಧಣಿ ಕೊಡ್ತಾರೆ?

ಕಾಪು_ಕಡಲು:
ಥ್ಯಾಂಕ್ಸ್ ಅಣ್ಣ. ಕ್ಯಾನ್ಸರ್ ವಿಷಯ? ಅಪ್ಪ ಬಿಪಿ ಮಾತ್ರೆ ಬೇರೆ ತಗೊಳ್ತಾರೆ.

ಪಣಂಬೂರು_ಟ್ಯೂಬ್‌ಲೈಟ್:
ಆ ಹೆದರಿಕೆ ಹೆಚ್ಚಾಗಿ ಹಳೆಯ ಪುವಾದಿಂದ ಬಂದದ್ದು. ಅದರಲ್ಲಿ ಚರ್ಮಕ್ಕೆ ಬೆಳಕು ಬೇಗ ತಾಗುವ ಹಾಗೆ ಮಾಡುವ ಸೋರಲೆನ್ ಮಾತ್ರೆ ನುಂಗಿಸಿ ಯುವಿಎ, ಅಂದರೆ ಇನ್ನೂ ಉದ್ದ ಅಲೆಯ ನೇರಳಾತೀತ ಬೆಳಕು ಕೊಡುತ್ತಾರೆ. ವರ್ಷಗಟ್ಟಲೆ ಪುವಾ ತಗೊಂಡ ಬಿಳಿಯರಲ್ಲಿ ಚರ್ಮದ ಕ್ಯಾನ್ಸರ್ ಜಾಸ್ತಿ ಕಂಡದ್ದು ನಿಜ. 311ರ ಲೈಟಿಗೆ ಇದುವರೆಗೆ ಅಂಥ ಸ್ಪಷ್ಟ ಲೆಕ್ಕ ಸಿಕ್ಕಿಲ್ಲ. ಹಾಗಂತ ಸುಮ್ನೆ ಕೊಡುತ್ತಾ ಹೋಗುವುದಿಲ್ಲ. ಎಷ್ಟು ಸಲ ಆಯ್ತು ಅಂತ ಬರೆದಿಡುತ್ತೇವೆ, ಗುಪ್ತಾಂಗ ಮುಚ್ಚುತ್ತೇವೆ.

ಬಿಪಿ ಮಾತ್ರೆಯ ಚೀಟಿ ಮೊದಲ ದಿನವೇ ತೋರಿಸಿ. ಹೈಡ್ರೋಕ್ಲೋರೋಥಯಜೈಡ್ ಇದ್ದರೆ ಚರ್ಮ ಬೆಳಕಿಗೆ ಬೇಗ ಕೆಂಪಾಗಬಹುದು. ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟ್ರು ನೋಡಿಕೊಳ್ಳುತ್ತಾರೆ. ಮತ್ತೆ ಸ್ಯಾಲಿಸಿಲಿಕ್ ಆಸಿಡ್ ಇರುವ ಮುಲಾಮು ಲೈಟಿಗೆ ಮುಂಚೆ ಬೇಡ, ಅದು ಯುವಿಬಿಯನ್ನು ತಡೆಯುತ್ತದೆ. ಮನೆಗೆ ಹೋಗಿ ಹಚ್ಚಲಿ.