ಫ್ಲೈ ಫಿಶಿಂಗ್ ಗೈಡ್ ಆಗಬೇಕು, ಆದರೆ ಗುರುಗಳು ರಾಡ್ ತರಬೇಡ ಅಂತಾರೆ

ಹೊಳೆದಂಡೆ:
ಹತ್ತು ವರ್ಷದವನಿದ್ದಾಗ ಅಪ್ಪನ ಜೊತೆ ಹೊಳೆಗೆ ಇಳಿದವನು ನಾನು, ಈಗ ಮೂವತ್ತೆಂಟು, ಆ ಹುಚ್ಚು ಇನ್ನೂ ಬಿಟ್ಟಿಲ್ಲ. ಟ್ರೌಟ್ ಮೀನಿಗೆ ಬೇಕಾದ ಫ್ಲೈಗಳನ್ನೆಲ್ಲ, ಅಂದರೆ ಕೊಕ್ಕೆಗೆ ಗರಿ, ದಾರ ಸುತ್ತಿ ಮಾಡುವ ನಕಲಿ ಹುಳುಗಳನ್ನು, ನಾನೇ ಕಟ್ಟಿಕೊಳ್ಳುತ್ತೇನೆ. ಈಗ ಕೆಲಸ ಬಿಟ್ಟು, ಹಣ ಕೊಟ್ಟು ಬರುವವರನ್ನು ಹೊಳೆಗೆ ಕರೆದೊಯ್ದು ಮೀನು ಹಿಡಿಯಲು ಕಲಿಸುವ ಗೈಡ್ ಆಗುವ ಮನಸ್ಸಾಗಿದೆ. ಒಬ್ಬ ಹಿರಿಯ ಗೈಡ್ ಹತ್ತಿರ ಕೇಳಿದೆ. "ಒಂದು ಸೀಸನ್ ನನ್ನ ಜೊತೆ ಬಾ, ಆದರೆ ರಾಡ್ ಮನೆಯಲ್ಲೇ ಇಟ್ಟು ಬಾ" ಅಂದರು. ಗಾಳದ ಕೋಲೇ ಇಲ್ಲದೆ, ಮೀನು ಹಿಡಿಯದೆ ಏನು ಕಲಿಯುವುದು? ಸಾಮಾನು ಹೊರಲು ಒಬ್ಬ ಬೇಕಿತ್ತು, ಅದಕ್ಕೇ ಕರೆದರಾ ಅಂತ ಅನುಮಾನ.

ಕಲ್ಲಡಿಯ ಹುಳು:
ಕಣ್ಣು ಮುಚ್ಚಿಕೊಂಡು ಹೋಗಿ. ನನ್ನ ಗುರುಗಳೂ ಇದನ್ನೇ ಹೇಳಿದ್ದರು, ನನಗೂ ಬೇಜಾರಾಗಿತ್ತು. ಮೊದಲ ದಿನ ಅವರು ಮೊಣಕಾಲುದ್ದ ನೀರಿನಿಂದ ಒಂದು ಕಲ್ಲು ಎತ್ತಿ ಮಗುಚಿ, ಅದರಡಿಯ ಹುಳುಗಳನ್ನು ಬಂದವರಿಗೆ ತೋರಿಸಿದರು. ಎರಡು ಬಾಲದ್ದು ಸ್ಟೋನ್‌ಫ್ಲೈ ಮರಿ, ಸಾಮಾನ್ಯವಾಗಿ ಮೂರಿದ್ದರೆ ಮೇಫ್ಲೈ, ಮರಳಿನ ಕಾಳು ಅಂಟಿಸಿಕೊಂಡು ಗೂಡಿನಲ್ಲಿ ಕೂತದ್ದು ಕ್ಯಾಡಿಸ್. ಆಮೇಲೇ ಡಬ್ಬಿ ತೆಗೆದು ಅವನ್ನು ಹೋಲುವ ಫ್ಲೈ ಆರಿಸಿದ್ದು.

ಅವತ್ತು ಬಂದಿದ್ದ ಹೆಂಗಸಿಗೆ ಗಾಳ ಬೀಸುವುದೇ ಹೊಸದು. ಎಷ್ಟು ಬೀಸಿದರೂ ಲೈನ್ (ಗಾಳದ ದಾರ) ಹಿಂದೆ ನೀರಿಗೆ ಬಡಿಯುತ್ತಿತ್ತು, ಬಡಿದಷ್ಟೂ ಅವರು ಜೋರಾಗಿ ಬೀಸುತ್ತಿದ್ದರು. ಇಲ್ಲಿ ಭಾರ ಇರುವುದು ಲೈನ್‌ನಲ್ಲಿ, ಫ್ಲೈನಲ್ಲಿ ಅಲ್ಲ, ಅದು ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು, ಶಕ್ತಿ ಹಾಕಿದರೆ ಕೆಡುತ್ತದೆ ಅಲ್ವಾ? ಗುರುಗಳು ಪಾಠ ಮಾಡಲಿಲ್ಲ. ರಾಡ್‌ನ ಬುಡವನ್ನು ಅವರ ಅಂಗಿ ತೋಳಿನೊಳಗೆ ಸಿಕ್ಕಿಸಿದರು, ಅಷ್ಟೇ. ಮಣಿಕಟ್ಟು ಹಿಂದಕ್ಕೆ ಬಗ್ಗುವುದು ನಿಂತಿತು, ನಾಲ್ಕನೇ ಸಲಕ್ಕೆ ಲೈನ್ ನೆಟ್ಟಗೆ ಹೋಯಿತು. ನನ್ನ ಕೈಯಲ್ಲಿ ರಾಡ್ ಇದ್ದಿದ್ದರೆ ಇದನ್ನು ನೋಡುತ್ತಲೇ ಇರಲಿಲ್ಲ, ಮೇಲಿನ ಮಡುವಿನಲ್ಲಿ ಏಳುತ್ತಿದ್ದ ಮೀನಿನ ಮೇಲೇ ಕಣ್ಣಿರುತ್ತಿತ್ತು. ಗೈಡ್ ನೋಡಬೇಕಾದದ್ದು ಮನುಷ್ಯರನ್ನ.

ತಣ್ಣೀರು:
ಮೇಲಿನವರು ಹೇಳಿದ್ದು ಸರಿ. ಜೊತೆಗೆ ಪ್ರಥಮ ಚಿಕಿತ್ಸೆ, ಸೆಳವಿನಲ್ಲಿ ಬಿದ್ದವರನ್ನು ಎತ್ತುವ ತರಬೇತಿ ಎರಡನ್ನೂ ಮುಗಿಸಿಕೊಳ್ಳಿ, ವೇಡರ್‌ನ (ಹೊಳೆಗೆ ಇಳಿಯುವಾಗ ಹಾಕುವ, ನೀರು ನುಗ್ಗದ ಉದ್ದ ಪ್ಯಾಂಟ್) ಬೆಲ್ಟ್ ಬಿಗಿಯದವರನ್ನು ನೀರಿಗೆ ಬಿಡಲೇಬೇಡಿ. ಲೈಸೆನ್ಸ್ ನಿಯಮ ಜಾಗದಿಂದ ಜಾಗಕ್ಕೆ ಬೇರೆ, ಮೊದಲೇ ವಿಚಾರಿಸಿ. ಜೇಬಿನಲ್ಲಿ ಥರ್ಮಾಮೀಟರ್ ಇರಲಿ. ನೀರು 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಟ್ರೌಟ್‌ಗೆ ಆಮ್ಲಜನಕ ಕಮ್ಮಿಯಾಗಿ ಸುಸ್ತಾಗುತ್ತದೆ, ಹಿಡಿದು ಬಿಟ್ಟರೂ ಆಮೇಲೆ ಸಾಯಬಹುದು. ಹಣ ಕೊಟ್ಟು ದೂರದಿಂದ ಬಂದವರಿಗೆ "ಇವತ್ತು ಇಷ್ಟು ಸಾಕು" ಅನ್ನುವುದು ತುಂಬಾ ಕಷ್ಟ. ನಿಮ್ಮ ಗುರುಗಳು ಅದನ್ನು ಹೇಗೆ ಹೇಳುತ್ತಾರೆ ಅಂತ ಗಮನಿಸಿ.

ಗಂಟು:
ಒಂದು ಮಾತು. ಗೌರವ ಇರಲಿ, ಆದರೆ ವಾರಕ್ಕೆ ಎಷ್ಟು ದಿನ, ಏನೇನು ಕೆಲಸ, ಊಟ ಪ್ರಯಾಣದ ಖರ್ಚು ಯಾರದು, ಎಲ್ಲ ಮೊದಲೇ ಬಾಯಿಬಿಟ್ಟು ಕೇಳಿ. ಒಳ್ಳೆ ಗುರುಗಳಾದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಸೀಸನ್ ಮುಗಿಯುವವರೆಗೆ ಕೆಲಸವನ್ನೂ ಪೂರ್ತಿ ಬಿಡಬೇಡಿ.

ಹೊಳೆದಂಡೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೆಲಸಕ್ಕೆ ರಜೆ ಕೇಳುತ್ತೇನೆ, ಅವರಿಗೆ ನಾಳೆ ಫೋನ್ ಮಾಡುತ್ತೇನೆ. ಅಂಗಿ ತೋಳಿನ ಉಪಾಯವನ್ನು ಸಂಜೆ ಮಗಳಿಗೆ ಮಾಡಿ ನೋಡಿದೆ. ಎರಡು ವರ್ಷದಿಂದ ನಾನು "ಕೈ ಬಗ್ಗಿಸಬೇಡ" ಅಂತ ಕೂಗುತ್ತಲೇ ಇದ್ದೆ, ಇವತ್ತು ಕೂಗದೆಯೇ ಅವಳ ಲೈನ್ ನೆಟ್ಟಗೆ ಹೋಯಿತು.