ಪ್ರಿಡೆಂಟಿನ್‌ಗೆ ಆಲ್ಷಿಯನ್ ಬ್ಲೂ ಹತ್ತವಲ್ದು, ಏನ್ ಮಾಡ್ಲಿ?

ಕಲಬುರಗಿ_ಸ್ಲೈಡ್: ಮೂರು ಸಲ ಮಾಡಿದ್ರೂ ಅದೇ ಹಾಡು. ಹಲ್ಲಿನ ಸೆಕ್ಷನ್‌ನಾಗ ಪ್ರೋಟಿಯೋಗ್ಲೈಕಾನ್ (ಸಕ್ಕರೆ ಸರಪಣಿ ಜೋತುಬಿದ್ದ ಪ್ರೋಟೀನ್) ತೋರಿಸ್ಲಾಕ ಆಲ್ಷಿಯನ್ ಬ್ಲೂ ಡೈ, ಪಿಎಚ್ 2.5, 30 ನಿಮಿಷ, ಮ್ಯಾಲ ನ್ಯೂಕ್ಲಿಯರ್ ಫಾಸ್ಟ್ ರೆಡ್. ಡೆಂಟಿನ್ ಗುಲಾಬಿ, ಪಲ್ಪ್ (ಹಲ್ಲಿನೊಳಗಿನ ಮೆದು ಭಾಗ) ತೆಳು ನೀಲಿ, ನಡುವಿನ ಪ್ರಿಡೆಂಟಿನ್, ಅಂದ್ರ ಇನ್ನೂ ಗಟ್ಟಿಯಾಗದ ಹೊಸ ಡೆಂಟಿನ್, ಅದರ ನೀಲಿ ಪಟ್ಟಿ ಮಾತ್ರ ನಾಪತ್ತೆ. ಡೈ ಹೊಸದು.

ಯಾದಗಿರಿ_ಲ್ಯಾಬ್: ಹಲ್ಲು ಯಾವ ಊರಿನವು? ನಮ್ಮ ಕಡೆ ಬೋರ್ ನೀರಾಗ ಫ್ಲೋರೈಡ್ ಅದ. ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಕೆಟ್ಟ) ಹಲ್ಲಿದ್ರ ಮ್ಯಾಟ್ರಿಕ್ಸೇ ಬ್ಯಾರೆ.

ಬೀದರ್_ಹಿಸ್ಟೊ: ಫ್ಲೋರೈಡ್ ಆಮ್ಯಾಲ ನೋಡೋಣ್ರಿ. ಡೀಕ್ಯಾಲ್ (ಹಲ್ಲಿನ ಕ್ಯಾಲ್ಸಿಯಂ ತೆಗೆದು ಮೆದು ಮಾಡೋದು) ಯಾತರಾಗ? ಎಷ್ಟು ದಿನ?

ಕಲಬುರಗಿ_ಸ್ಲೈಡ್: ಎಲ್ಲಾರೂ ಮಾಡೋ ಹಂಗೇ ರೀ, 5% ನೈಟ್ರಿಕ್ ಆಸಿಡ್. ನಡುವ ರಜಾ ಬಂದು 9 ದಿನ ಆತು.

ಬೀದರ್_ಹಿಸ್ಟೊ: ಅಲ್ಲೇ ಹೋತು ನೋಡ್ರಿ. ಈ ಡೈ ಹಿಡಿಯೋದು ಕೋರ್ ಪ್ರೋಟೀನಲ್ಲ, ಅದಕ್ಕ ಜೋತುಬಿದ್ದ ಸಕ್ಕರೆ ಸರಪಣಿಯ ಸಲ್ಫೇಟ್, ಕಾರ್ಬಾಕ್ಸಿಲ್ ಗುಂಪು. ಕೊಲಾಜನ್ ನಾರನ್ನ ಅಳತಿಗೆ ಇಡೋ ಡೆಕೋರಿನ್‌ಗೆ ಒಂದೇ ಸರಪಣಿ, ಬೈಗ್ಲೈಕಾನ್‌ಗೆ ಎರಡು. ಕಾರ್ಟಿಲೇಜಿನ ಅಗ್ರೆಕಾನ್‌ಗೆ ನೂರರ ಲೆಕ್ಕ. ಮೊದಲೇ ಬಂಡವಾಳ ಕಮ್ಮಿ, ಆಸಿಡ್‌ನಾಗ 9 ದಿನ ನೆನದ್ರ ಏನು ಉಳೀತದ?

ಆಸಿಡ್ ಬದಲು 10% ಇಡಿಟಿಎ (ಕ್ಯಾಲ್ಸಿಯಂ ಮೆಲ್ಲಗ ಹಿಡಿದು ತೆಗೆಯೋ ರಾಸಾಯನಿಕ) ಬಳಸ್ರಿ, ಪಿಎಚ್ 7.4, ವಾರಕ್ಕ ಎರಡು ಸಲ ಬದಲು, 6ರಿಂದ 8 ವಾರ. ಮುಗದದ್ದು ಎಕ್ಸ್‌ರೇನಾಗ ನೋಡ್ರಿ. ಅದಕ್ಕೂ ಮುಂಚೆ, ಹಲ್ಲು ಕಿತ್ತ ಕೂಡಲೇ ಬೇರಿನ ತುದಿ 2-3 ಮಿ.ಮೀ. ಕತ್ತರಸ್ರಿ, ಇಲ್ಲಾಂದ್ರ ಫಾರ್ಮಲಿನ್ ಪಲ್ಪಿಗೆ ಮುಟ್ಟಂಗಿಲ್ಲ. ಫಾರ್ಮಲಿನ್‌ಗೆ 0.5% ಸೆಟೈಲ್‌ಪಿರಿಡಿನಿಯಂ ಕ್ಲೋರೈಡ್ ಸೇರಿಸಿದ್ರ ಸರಪಣಿ ಇದ್ದಲ್ಲೇ ಕೂಡ್ತಾವ.

ಹುಮನಾಬಾದ್_ಗ್ರೌಂಡ್: ನಾವು ಡೀಕ್ಯಾಲೇ ಮಾಡಂಗಿಲ್ಲ. ಡೈಮಂಡ್ ಸಾ, 50 ಮೈಕ್ರಾನ್, ಎನಾಮೆಲ್ ಸುದ್ದಾ ಫಳಫಳ.

ಬೀದರ್_ಹಿಸ್ಟೊ: ಎನಾಮೆಲ್ ಕಾಣ್ತದ, ಪಲ್ಪ್ ಎಲ್ಲದ ಸರ್? ಇಲ್ಲಿ ಕೇಳಿದ್ದು ಪ್ರಿಡೆಂಟಿನ್.

ಹುಮನಾಬಾದ್_ಗ್ರೌಂಡ್: ಸಾ ಒಮ್ಮೆ ನೋಡಿದ್ರ ಹಂಗ ಅನ್ನಂಗಿಲ್ರಿ.

ಯಾದಗಿರಿ_ಲ್ಯಾಬ್: ನೀರು ಬಿಡಬ್ಯಾಡ್ರಿ. ಬೋರ್ ನೀರಾಗ ಡೈ ಕಲಸಿದ್ರ ಮೆಗ್ನೀಶಿಯಂ ಅಡ್ಡ ಬರ್ತದ.

ಬೀದರ್_ಹಿಸ್ಟೊ: 300 ಪಿಪಿಎಂ ಗಡಸು ನೀರಂದ್ರ 3 ಮಿಲಿಮೋಲಾರ್. ಇದೇ ಡೈ ಪಿಎಚ್ 5.8ರಾಗ ಹಾಕೋ ವಿಧಾನದಾಗ 60 ಮಿಲಿಮೋಲಾರ್ ಮೆಗ್ನೀಶಿಯಂ ಕ್ಲೋರೈಡ್ ಇದ್ರೂ ಸಲ್ಫೇಟ್, ಕಾರ್ಬಾಕ್ಸಿಲ್ ಎರಡೂ ಗುಂಪು ಬಣ್ಣ ಹಿಡೀತಾವ. ಡಿಸ್ಟಿಲ್ಡ್ ನೀರು ಬಳಸ್ರಿ, ಖರೆ, ಆದ್ರ ತಪ್ಪು ಅದರದಲ್ಲ. ಅನುಮಾನ ಇದ್ರ ಮಟನ್ ಅಂಗಡಿಯಿಂದ ಆಡಿನ ಶ್ವಾಸನಾಳ ತಂದು ಅದೇ ಡೈ ಹಾಕ್ರಿ. ಕಾರ್ಟಿಲೇಜ್ ನೀಲಿಯಾದ್ರ ಡೈ ಸರಿ ಅದ.

ಕಲಬುರಗಿ_ಸ್ಲೈಡ್: ಶ್ವಾಸನಾಳ ಕಡುನೀಲಿ. ಹಲ್ಲು ಅದೇ ಬಿಳಚು. ಈ ಬ್ಲಾಕ್ ಉಳಿಸ್ಲಾಕ ಬರ್ತದೇನ್ರಿ?

ಬೀದರ್_ಹಿಸ್ಟೊ: ಇಲ್ರಿ, ಹೋದ ಸರಪಣಿ ತಿರುಗಿ ಬರಂಗಿಲ್ಲ. ಕ್ಲಿಪ್ ಹಾಕ್ಲಾಕಂತ ಕಿತ್ತ, ಬೇರಿನ ತುದಿ ಇನ್ನೂ ಮುಚ್ಚದ ಪ್ರಿಮೋಲಾರ್ ಹುಡುಕ್ರಿ. ಡೆಂಟಿನ್ ಕಟ್ಟಲಾಕತ್ತಿರ್ತದ, ಹಂಗಾಗಿ ಪಟ್ಟಿ ದಪ್ಪ ಸಿಗ್ತದ. ನೀಲಿ ಬಂದಮ್ಯಾಲ ಪಕ್ಕದ ಸೆಕ್ಷನ್‌ಗೆ ಬಣ್ಣಕ್ಕ ಮುಂಚೆ ಕಾಂಡ್ರಾಯ್ಟಿನೇಸ್ ಎಬಿಸಿ (ಈ ಸರಪಣಿ ಕತ್ತರಿಸೋ ಎಂಜೈಮ್) ಹಾಕಿ 37 ಡಿಗ್ರಿಗೆ ಇಡ್ರಿ. ನೀಲಿ ಹೋದ್ರ ಅದು ಕಾಂಡ್ರಾಯ್ಟಿನ್ ಇಲ್ಲವೇ ಡರ್ಮಟಾನ್ ಸಲ್ಫೇಟ್ ಸರಪಣಿ. ಎಂಜೈಮ್ ಇಲ್ಲದ ಬರೇ ಬಫರಿನ ಸ್ಲೈಡೂ ಜೋಡಿಗೆ ಇರ್ಲಿ.

ಯಾದಗಿರಿ_ಲ್ಯಾಬ್: ಪ್ರಿಮೋಲಾರ್ ತರೋ ಮುಂಚೆ ಫ್ಲೋರೋಸಿಸ್‌ನ ಬಿಳಿ ಗೆರೆ ಅದಾವೇನು ನೋಡ್ರಿ ಮತ್ತ. ಆಮ್ಯಾಲ ನಾ ಹೇಳಿಲ್ಲ ಅನಬ್ಯಾಡ್ರಿ.